ಮಗ್ಗದ ಮನೆಗೆ ಕೊಟ್ಟ ನಾಯಿ

ಹುನಗುಂದದ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದ ಪಶುವೈದ್ಯೆಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. "ಮೇಡಂ, ಮಂದಿ ನಾಯಿಗೆ ಜಡ್ಡು ಬಂದಾಗ ಬರಂಗಿಲ್ರಿ. ಯಾವ ನಾಯಿ ಸಾಕಬೇಕು ಅಂತ ಕೇಳಾಕ ಬರ್ತಾರ. ಇದನ್ನ ಕಾಲೇಜಿನ್ಯಾಗ ಕಲಿಸೇ ಇಲ್ಲ. ಏನ್ ಹೇಳ್ಲಿರಿ?" ಅಂದಳು.

ನನಗೂ ಯಾರೂ ಕಲಿಸಿರಲಿಲ್ಲ. ತಪ್ಪು ಹೇಳಿ, ಬೈಸಿಕೊಂಡು, ಮತ್ತೆ ತಪ್ಪು ಹೇಳಿ ಕಲಿತೆ. ದನದ ದವಾಖಾನೆಯಲ್ಲಿ ಇಷ್ಟು ವರ್ಷ ಕಳೆದು ನಿವೃತ್ತಳಾದ ಮೇಲೆ ನನಗೆ ಬಂದ ಬಡ್ತಿಗಳ ಕಥೆ ಯಾರಿಗೂ ಬೇಡ, ನನಗೂ ಬೇಡ. ಬೈಸಿಕೊಂಡಿದ್ದನ್ನು ಹೇಳುತ್ತೇನೆ. ಅದರಿಂದ ಆ ಹುಡುಗಿಗೆ ಉಪಯೋಗವಾದೀತು.

ನಾನು ಸೇರಿದಾಗ ಮಂದಿ ದವಾಖಾನೆಯ ಬಾಗಿಲಲ್ಲೇ ನಿಂತು ಒಳಗೆ ಇಣುಕಿ, "ಗಂಡ್ ಡಾಕ್ಟರ್ ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. ಮೊದಲ ತಿಂಗಳು ಸಮಾಧಾನದಿಂದ "ನಾನೇ ಡಾಕ್ಟರು" ಎಂದು ಹೇಳಿದೆ. ಎರಡನೇ ತಿಂಗಳಿಂದ, "ಎತ್ತಿಗೆ ಔಷಧ ಬೇಕೋ, ಬೀಗತನ ಮಾಡಾಕ ಬಂದೀಯೋ?" ಎಂದು ಕೇಳತೊಡಗಿದೆ. ಆಮೇಲೆ ಯಾರೂ ಆ ಪ್ರಶ್ನೆ ಕೇಳಲಿಲ್ಲ. ನಮ್ಮ ಕಡೆ ಮೇಡಂಗೆ ಬಾಯಾರು ಅನ್ನುತ್ತಾರೆ; ಬಾಯಾರ ಬಾಯಿ ಜೋರು ಎಂಬ ಹೆಸರು ಮಾತ್ರ ನಾನು ವರ್ಗವಾಗಿ ಹೋದ ಊರಿಗೆಲ್ಲ ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು.

ನನ್ನ ಮೊದಲ ದವಾಖಾನೆ ಬಾಗಲಕೋಟೆ ಸೀಮೆಯ ಒಂದು ಹಳ್ಳಿಯಲ್ಲಿತ್ತು. ಅಲ್ಲಿ ಹುಚ್ಚುನಾಯಿ ರೋಗದ ಲಸಿಕೆ ಹಾಕುವ ಕೆಲಸ ಬಂತು. ಸೂಜಿ ಹಾಕುವುದು ನಾನು, ರಿಜಿಸ್ಟರ್ ಬರೆಯುವುದು ಮೌಲಾಸಾಬ. ಮೌಲಾಸಾಬ ನಮ್ಮ ದವಾಖಾನೆಯ ಜವಾನ. ಮುಂದೆ ನಾನು ಇಳಕಲ್ಲಿಗೆ ಹೋದಾಗ ಅವನೂ ಅಲ್ಲಿಗೇ ಬಂದ. ರಿಜಿಸ್ಟರಿನಲ್ಲಿ ಮಾಲೀಕರ ಹೆಸರು, ಊರು, ನಾಯಿಯ ವಯಸ್ಸು, ಬಣ್ಣ, ಜಾತಿ ಎಂದು ಅಂಕಣಗಳಿದ್ದವು. ಮೌಲಾಸಾಬ ಸಾಲಿನಲ್ಲಿ ನಿಂತವರನ್ನು ಒಬ್ಬೊಬ್ಬರನ್ನಾಗಿ, "ಜಾತಿ ಯಾವುದ್ರಿ?" ಎಂದು ಕೇಳಿ, ಅವರು ಹೇಳಿದ್ದನ್ನು ಮರ್ಯಾದೆಯಿಂದ ಬರೆದುಕೊಂಡ. ನಾನು ಸೂಜಿ ಹಾಕುವ ಗಡಿಬಿಡಿಯಲ್ಲಿದ್ದೆ. ಒಬ್ಬ ಅಜ್ಜ ಮಾತ್ರ ಕೋಲು ನೆಲಕ್ಕೆ ಕುಟ್ಟಿ ಜಗಳಕ್ಕೇ ನಿಂತ.

"ನಾವು ಬಸವಣ್ಣನವರ ಮಂದಿ. ಜಾತಿ ಹೇಳೂದೂ ಇಲ್ಲ, ಕೇಳೂದೂ ಇಲ್ಲ."

ನಾನು ಅಲ್ಲಿಂದಲೇ ಕೂಗಿದೆ: "ನಿಮ್ದಲ್ರಿ ಅಜ್ಜಾರ, ನಾಯೀದು!"

"ನಾಯೀದೂ ಅಷ್ಟ!"

ಆ ತಿಂಗಳ ವರದಿ ಮೇಲಿನ ಕಚೇರಿಗೆ ಹೋಯಿತು. ಅದನ್ನು ಓದಿದವರಿಗೆ ನಮ್ಮ ಹಳ್ಳಿಯ ನಾಯಿಗಳು ಯಾವ ಯಾವ ಮಠಕ್ಕೆ ನಡೆದುಕೊಳ್ಳುತ್ತವೆ ಎಂಬುದೂ ಗೊತ್ತಾಗುವಂತಿತ್ತು. ಒಂದೇ ಒಂದು ನಾಯಿಯ ಮುಂದೆ 'ಹೇಳಲು ಒಪ್ಪಲಿಲ್ಲ' ಎಂದಿತ್ತು. ದೊಡ್ಡ ಸಾಹೇಬರು ಜೀಪು ತೆಗೆದುಕೊಂಡು ಬಂದೇಬಿಟ್ಟರು. ಅವರಿಗೆ ಎಮ್ಮೆ, ಎತ್ತು, ಕುರಿ ಎಲ್ಲದರ ಮೇಲೂ ಹಿಡಿತವಿತ್ತು, ನಾಯಿಯೆಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ದವಾಖಾನೆಯ ಮುಂದೆ ಒಂದು ಬೀದಿನಾಯಿ ಮಲಗಿದ್ದರಿಂದ ಜೀಪಿನಿಂದ ಇಳಿಯದೆ, ಗಾಜು ಅರ್ಧ ಇಳಿಸಿ, ಅಲ್ಲಿಂದಲೇ ನನ್ನನ್ನು ಬೈದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ನಾಯಿ ಎದ್ದು ಮೈಮುರಿಯಿತು. ಬೈಗುಳ ಅರ್ಧಕ್ಕೇ ನಿಂತು ಜೀಪು ಹೊರಟುಹೋಯಿತು.

ಆಗಿನ ಕಾಲಕ್ಕೆ ನಾಯಿ ಯಾವುದು ಎಂದು ಆರಿಸುವ ಪ್ರಶ್ನೆಯೇ ಇರಲಿಲ್ಲ. ಬಾಗಿಲಿಗೆ ಬಂದದ್ದು, ರೊಟ್ಟಿ ತಿಂದದ್ದು, ಉಳಿದದ್ದು ನಾಯಿ. ಫೋನಿನಲ್ಲಿ ವಿಡಿಯೋ ನೋಡುವ ಚಟ ಬಂದ ಮೇಲೆ ಎಲ್ಲರಿಗೂ 'ಜಾತಿ ನಾಯಿ' ಬೇಕಾಯಿತು. ಬಾದಾಮಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ಹಿಮದ ನಾಡಿನ ದಪ್ಪ ಕೂದಲಿನ ನಾಯಿಯೊಂದನ್ನು ತರಿಸಿದ್ದರು. ಬಾದಾಮಿಯ ಬಂಡೆಗಳು ಬೇಸಿಗೆಯಲ್ಲಿ ಹೇಗೆ ಕಾಯುತ್ತವೆ ಎಂದು ಅಲ್ಲಿ ಇದ್ದವರಿಗೆ ಹೇಳಬೇಕಿಲ್ಲ. ನಾಯಿ ಬುದ್ಧಿವಂತ, ಮನೆಯಲ್ಲಿ ತಂಪಾದ ಜಾಗ ಯಾವುದೆಂದು ಹುಡುಕಿ ಬಚ್ಚಲಲ್ಲಿ ಮಲಗಿತು, ಮಳೆಗಾಲದವರೆಗೆ ಏಳಲಿಲ್ಲ. ನಾನು ಹೋದಾಗ ಮಾಸ್ತರರು ಹಿತ್ತಲಲ್ಲಿ, ಗೋಣಿತಟ್ಟು ಕಟ್ಟಿದ ಮರೆಯಲ್ಲಿ, ಬಕೆಟ್ ಇಟ್ಟುಕೊಂಡು ಸ್ನಾನ ಮಾಡುತ್ತಿದ್ದರು.

"ನಾಯಿ ಸಾಕೀರೋ, ಬಚ್ಚಲಾ ಬಾಡಿಗಿ ಕೊಟ್ಟೀರೋ ಮಾಸ್ತರ?" ಅಂದೆ.

"ಫೋನಿನ್ಯಾಗ ಭಾಳ ಚಂದ ಕಾಣ್ತಿತ್ರಿ ಬಾಯಾರ" ಎಂದು ಮರೆಯ ಆಚೆಯಿಂದ ಅಳುವ ದನಿ ಬಂತು.

ಆ ದಿನ ನನಗೆ ಸಿಟ್ಟು ಬಂತು. ಮನೆಗೆ ಬಂದವಳೇ ಒಂದು ಹಾಳೆ ತೆಗೆದುಕೊಂಡು ಹದಿನೈದು ಪ್ರಶ್ನೆ ಬರೆದೆ. ಮನೆ ಎಷ್ಟು ದೊಡ್ಡದು, ಅಂಗಳ ಇದೆಯೋ ಇಲ್ಲವೋ, ಕಂಪೌಂಡ್ ಎಷ್ಟು ಎತ್ತರ, ಸಣ್ಣ ಮಕ್ಕಳು ಇದ್ದಾರೆಯೇ, ನಾಯಿಯನ್ನು ಓಡಾಡಿಸುವವರು ಯಾರು, ಬಿಸಿಲಲ್ಲಿ ನೆರಳೆಲ್ಲಿ, ನೀರೆಲ್ಲಿ. ಝೆರಾಕ್ಸ್ ಮಾಡಿಸಿ ದವಾಖಾನೆಯಲ್ಲಿಟ್ಟೆ. ನಾಯಿ ಬೇಕೆಂದು ಕೇಳಲು ಬಂದವರಿಗೆ ಮೊದಲು ಹಾಳೆ ತುಂಬಿಸುತ್ತಿದ್ದೆ. ಬೇವೂರಿನ ಒಬ್ಬ ರೈತ ಅದನ್ನು ನೋಡಿ, "ಕನ್ಯಾ ನೋಡಾಕ ಹೋದಾಗೂ ಇಷ್ಟ ಕೇಳಿದ್ದಿಲ್ಲ" ಎಂದು ಎದ್ದುಹೋದ. ಹೋಗಲಿ ಬಿಡು ಅಂದೆ. ಆ ಹಾಳೆಯ ಮೇಲೆ ನನಗೆ ಅಷ್ಟು ಹೆಮ್ಮೆ.

ಆ ಹೆಮ್ಮೆ ಇಳಿಸಿದ್ದು ಇಳಕಲ್ಲಿನ ನೀಲವ್ವ.

ಮೊದಲು ಬಂದದ್ದು ಅವಳ ಗಂಡ ಶಂಕ್ರಪ್ಪ. ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಮೈಮೇಲೆ ಯಾವಾಗಲೂ ಕಲ್ಲಿನ ಬಿಳಿ ಧೂಳು. ನನ್ನ ಹಾಳೆಯನ್ನು ಅಷ್ಟು ಶ್ರದ್ಧೆಯಿಂದ ತುಂಬಿದವರು ಇನ್ನೊಬ್ಬರಿಲ್ಲ. ಊರಂಚಿನ ಮನೆ, ದೊಡ್ಡ ಅಂಗಳ, ಆಳೆತ್ತರದ ಕಂಪೌಂಡ್, ಹಿಂದೆ ಬಯಲು. ಒಬ್ಬಳೇ ಮಗಳು, ಬಾದಾಮಿಗೆ ಕೊಟ್ಟದ್ದಾಗಿದೆ. ದಿನಾ ಮುಂಜಾನೆ ತಾನೇ ನಾಯಿಯನ್ನು ಓಡಿಸುತ್ತೇನೆ ಎಂದು ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದ. ಹದಿನೈದಕ್ಕೆ ಹದಿನೈದು. ನಾನು ಕಣ್ಣು ಮುಚ್ಚಿ ಹೇಳಿದೆ: ಮುಧೋಳ ನಾಯಿ. ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ತಳಿ, ಗಿಡ್ಡ ಕೂದಲು, ರೋಗ ಕಡಿಮೆ, ಓಡಲು ಬಯಲಿದ್ದರೆ ಸಾಕು. ಮರಿ ಆರಿಸಲು ನಾನೇ ಜೊತೆಗೆ ಹೋದೆ. ಬೆನ್ನು, ಕಾಲು, ಹಲ್ಲು ಎಲ್ಲ ನೋಡಿ, ಬೂದು ಬಣ್ಣದ ಒಂದು ಗಂಡುಮರಿ ಎತ್ತಿಕೊಟ್ಟೆ. ಶಂಕ್ರಪ್ಪ ಅದಕ್ಕೆ ಟೈಗರ್ ಎಂದು ಹೆಸರಿಟ್ಟ.

ಏಳೆಂಟು ತಿಂಗಳಾಗಿರಬೇಕು. ನೀಲವ್ವ ಮೊದಲ ಸಲ ದವಾಖಾನೆಗೆ ಬಂದಳು. ನನ್ನದೇ ವಯಸ್ಸು, ನನ್ನದೇ ಬಾಯಿ. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಟೈಗರ್. ಆಳುದ್ದ ಕಾಲು, ಕೊಡಪಾನದಷ್ಟು ಎದೆ, ಆಮೇಲೆ ಹೊಟ್ಟೆಯೇ ಇಲ್ಲ.

"ಇದೇನ್ರಿ ಬಾಯಾರ, ನಾಯಿ ಕೊಟ್ಟೀರೋ, ನಾಯಿ ಎಲುಬು ಕೊಟ್ಟೀರೋ? ಎಷ್ಟ ತಿಂದ್ರೂ ಪಕ್ಕಡಿ ಎಲುಬು ಎಣಸಬಹುದು! ಓಣಿ ಹೆಣಮಕ್ಕಳು ನೀಲವ್ವ ನಾಯಿಗೆ ಕೂಳ ಹಾಕಂಗಿಲ್ಲ ಅಂತ ನಮ್ಮ ಬಾಗಲಿಗೆ ರೊಟ್ಟಿ ತಂದ ಇಡ್ತಾರ. ನನ್ನ ಮಾನ ಹೋಗೇತಿ."

ಮುಧೋಳ ನಾಯಿಯ ಮೈಕಟ್ಟೇ ಹಾಗೆ, ದಪ್ಪ ಮಾಡಿದರೆ ಕಾಲು ಹಾಳಾಗುತ್ತದೆ, ಬರೀ ರೊಟ್ಟಿ ಹಾಲು ಸಾಲದು, ತತ್ತಿ ಕೊಡು ಅಥವಾ ಕಾಳು ಬೇಯಿಸಿ ಹಾಕು, ಮೂರು ತಿಂಗಳಿಗೊಮ್ಮೆ ಜಂತಿನ ಔಷಧ ಕೊಡು ಎಂದೆಲ್ಲ ಹೇಳಿ ಕಳಿಸಿದೆ. ಮುಂಜಾನೆ ಓಡಿಸುತ್ತಾರೋ ಇಲ್ಲವೋ ಎಂದೂ ಕೇಳಿದೆ. "ನಮ್ಮನಿಯಾವ್ರು ಹದಿನೈದ ದಿನಾ ಓಡಿದ್ರು. ಆಮ್ಯಾಲೆ ಅವರ ಮಂಡಿ ನೋಯಾಕ ಹತ್ತಿತು" ಅಂದಳು. ನಾನು ಶಂಕ್ರಪ್ಪನಿಗೆ ನಾಲ್ಕು ಮಾತು ಹೇಳಬೇಕಿತ್ತು. ದವಾಖಾನೆ ತುಂಬ ಕುರಿಗಳಿದ್ದವು, ಮರೆತೆ.

ಇನ್ನೊಂದು ತಿಂಗಳಿಗೆ ನೀಲವ್ವ ಮತ್ತೆ ಬಂದಳು. ಈ ಸಲ ಮಾತಿಲ್ಲ. ಹಗ್ಗದ ತುದಿಯಲ್ಲಿದ್ದ ಟೈಗರನ ಕೊರಳಿಗೆ, ಮುಂಗಾಲಿಗೆ, ಬಾಲಕ್ಕೆ ಹಸಿರು ಎಳೆ ಸುತ್ತಿಕೊಂಡಿತ್ತು. ಯಾವುದೋ ಮೆರವಣಿಗೆಗೆ ಸಿಂಗರಿಸಿದ ಹಾಗಿತ್ತು. ಮೌಲಾಸಾಬ ನಕ್ಕುಬಿಟ್ಟ. ನೀಲವ್ವ ಅವನ ಕಡೆ ನೋಡಿದಳು. ಅವನ ನಗು ಅಲ್ಲೇ ನಿಂತಿತು.

ಅವಳ ಮನೆಯಲ್ಲಿ ಮಗ್ಗ ಇತ್ತು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಇಳಕಲ್ ಸೀರೆ ನೇಯುವ ಮಗ್ಗ. ದಿನವಿಡೀ ಅವಳು ಅದರ ಮುಂದೆಯೇ. ನನ್ನ ಹದಿನೈದು ಪ್ರಶ್ನೆಯಲ್ಲಿ ಹಗಲು ಹೊತ್ತು ಮನೆಯೊಳಗೆ ಏನು ನಡೆಯುತ್ತದೆ ಎಂಬ ಪ್ರಶ್ನೆ ಇರಲಿಲ್ಲ. ಆಮೇಲೆ ಶಂಕ್ರಪ್ಪನನ್ನು ಹಿಡಿದು, ಮಗ್ಗದ ವಿಷಯ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ, ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ಇಳಕಲ್ಲಾಗ ಮನಿ ಅಂದಮ್ಯಾಲೆ ಮಗ್ಗ ಇರೂದ ಅಲ್ರಿ. ಒಲಿ ಐತಿ ಅಂತನೂ ನಾ ಬರೆದಿದ್ದಿಲ್ಲ."

ಆ ದಿನ ಟೈಗರ್ ಮಗ್ಗದ ಮೇಲೆ ಹಾರಿ, ಬಿಗಿದು ಕಟ್ಟಿದ ಉದ್ದ ಎಳೆಗಳ ಹಾಸಿನ ನಡುವೆ ಬಿದ್ದಿತ್ತು. ನೂರಾರು ಎಳೆ ಹರಿದಿದ್ದವು, ಉಳಿದವು ಸಿಕ್ಕಾಗಿದ್ದವು. ಬೇರೆ ಯಾವ ಸೀರೆಯಾದರೂ ನೀಲವ್ವ ಇಷ್ಟು ಸುಮ್ಮನಿರುತ್ತಿರಲಿಲ್ಲ, ಬೈದು ಹಗುರಾಗುತ್ತಿದ್ದಳು. ಇದು ಮಗಳು ಗಂಗಾಳ ಕುಬಸದ ಸೀರೆ. ಚೊಚ್ಚಲ ಬಸುರಿ ಮಗಳಿಗೆ ತವರಿನವರು ಹೋಗಿ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಹನ್ನೆರಡು ದಿನ ಉಳಿದಿತ್ತು.

"ಮಂದಿ ಹೆಣಮಕ್ಕಳಿಗೆಲ್ಲ ನೇದೀನ್ರಿ" ಅಂದಳು ನೀಲವ್ವ. "ನನ್ನ ಮಗಳ ಲಗ್ನದಾಗ ಮಗ್ಗದ ಮ್ಯಾಲೆ ಬ್ಯಾರೆಯವರ ಸೀರಿ ಇತ್ತು. ಆಕೀಗೆ ಅಂಗಡಿ ಸೀರಿ ಉಡಿಸಿ ಕಳಸೀನಿ. ಕುಬಸಕ್ಕರ ನನ್ನ ಕೈಯಾಂದು ಉಡಸಬೇಕಂತ ಮಾಡಿದ್ದೆ. ಈಗ ಹೇಳ್ರಿ, ಏನ್ ಉಡಸ್ಲಿ? ನಿಮ್ಮ ನಾಯೀನ್ನ ಹೊಚ್ಚಲೇನು?"

ನಾನು ನಾಯಿಯ ಮುಂಗಾಲಿನ ಎಳೆ ಬಿಡಿಸಲು ಬಗ್ಗಿದೆ.

"ನಾಯಿ ಆರಿಸಿದಾಕಿ ನೀವು. ಎಳೀನೂ ನೀವ ಬಿಡಸಾಕ ಬರ್ರಿ."

"ನಾ ಸರಕಾರಿ ಡಾಕ್ಟರ್ ಅದೇನವಾ!"

"ಸರಕಾರಿ ಡಾಕ್ಟರ್‌ಗೆ ಬೆರಳ ಇಲ್ಲೇನ್ರಿ?"

ಇಡೀ ಸೇವೆಯಲ್ಲಿ ನನ್ನ ಬಾಯಿ ಕಟ್ಟಿದವಳು ಅವಳೊಬ್ಬಳೇ. ಸಂಜೆ ದವಾಖಾನೆ ಮುಚ್ಚಿ ಅವಳ ಮನೆಗೆ ಹೋದೆ. ಚಾಪೆ ಹಾಸಿದಳು, ಚಹಾ ಕೊಟ್ಟಳು, ಸಿಕ್ಕು ಬಿದ್ದ ಎಳೆಯ ಒಂದು ಹಿಡಿ ನನ್ನ ತೊಡೆಯ ಮೇಲೆ ಹಾಕಿದಳು. ಕರುವಿನ ಕಾಲು ಗರ್ಭದೊಳಗೆ ಮಡಚಿದ್ದಾಗ ಒಳಗೇ ತಡವಿ ಬಿಡಿಸಿ ತೆಗೆದ ಬೆರಳು ನನ್ನವು. ಆ ಹಸಿರು ಎಳೆಯ ಮುಂದೆ ಅವು ಒನಕೆಯಾದವು. ನಾನೊಂದು ಗಂಟು ಬಿಡಿಸುವುದರೊಳಗೆ ಅವಳು ಇಪ್ಪತ್ತು ಬಿಡಿಸುತ್ತಿದ್ದಳು. "ಅದು ಎಮ್ಮಿ ಅಲ್ರಿ ಬಾಯಾರ, ಜಗ್ಗಬ್ಯಾಡ್ರಿ" ಎಂದು ಬೈಸಿಕೊಂಡೆ. ನಾಲ್ಕು ಸಂಜೆ, ಒಂದು ಇಡೀ ಭಾನುವಾರ ಹೀಗೇ ಹೋಯಿತು. ಮೌಲಾಸಾಬ ಇಳಕಲ್ ಬಸ್‌ಸ್ಟ್ಯಾಂಡಿನವರೆಗೂ ಸುದ್ದಿ ಮುಟ್ಟಿಸಿದ್ದ. ದವಾಖಾನೆಗೆ ಬಂದವರು, "ಬಾಯಾರ, ನಮ್ಮ ಮನಿಯಾಗೂ ಒಂದೀಟು ಸಿಕ್ಕ ಐತ್ರಿ" ಎಂದು ಕೇಳತೊಡಗಿದರು.

ಟೈಗರ್ ಆ ಎಲ್ಲ ದಿನ ಮೂಲೆಯಲ್ಲಿ ಕಟ್ಟಿಹಾಕಿಸಿಕೊಂಡು ಸಾಧುವಿನ ಹಾಗೆ ಮಲಗಿತ್ತು. ಇಂಥ ನಾಯಿ ಯಾಕೆ ಹಾರಿತು ಎಂದು ನನಗೆ ತಿಳಿಯಲೇ ಇಲ್ಲ. ಭಾನುವಾರ ಸಂಜೆ, ಹರಿದ ಎಳೆಗಳನ್ನೆಲ್ಲ ಗಂಟು ಹಾಕಿ ಮುಗಿಸಿ, ನೀಲವ್ವ ಮಗ್ಗಕ್ಕೆ ಇಳಿದು ಹಗ್ಗ ಎಳೆದಳು. ಅಡ್ಡ ಎಳೆ ಹೊತ್ತ ಲಾಳಿ ಎಡಗಡೆಯಿಂದ ಬಲಗಡೆಗೆ ಸರ್ರನೆ ಓಡಿತು. ಟೈಗರ್ ಎದ್ದು ನಿಂತಿತು. ಲಾಳಿ ಬಲದಿಂದ ಎಡಕ್ಕೆ ಓಡಿತು. ಟೈಗರನ ಕಿವಿ ಹಿಂದಕ್ಕೆ ಹೋದವು, ಬೆನ್ನು ಬಿಲ್ಲಾಯಿತು, ಹಗ್ಗ ಬಿಗಿದು ಕಂಬವೇ ಅಲುಗಿತು.

ನಾನು ಹಣೆ ಬಡಿದುಕೊಂಡೆ. ಎಲ್ಲ ನಾಯಿಗಳೂ ಮೂಗಿನಿಂದ ಬೇಟೆಯಾಡುವುದಿಲ್ಲ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವುದು. ಓಡಿದ್ದು ಕಂಡರೆ ಬೆನ್ನಟ್ಟಬೇಕು, ಅದು ಹುಟ್ಟಿದ್ದೇ ಅದಕ್ಕೆ. ಆ ಪ್ರಾಣಿಯ ಎದುರು ನಾನು ಮುಂಜಾನೆಯಿಂದ ಸಂಜೆಯವರೆಗೆ ಲಾಳಿಯೆಂಬ ಮೊಲ ಓಡುವ ಹಾಗೆ ಮಾಡಿದ್ದೆ. ಮೊಲ ದಣಿಯುವುದೂ ಇಲ್ಲ, ಮನೆ ಬಿಟ್ಟು ಹೋಗುವುದೂ ಇಲ್ಲ. ಆ ನಾಯಿ ಎಂಟೊಂಬತ್ತು ತಿಂಗಳು ತಡೆದುಕೊಂಡದ್ದೇ ದೊಡ್ಡದು. ಊರಲ್ಲಿ ನೂರು ಬಗೆಯ ಮನೆ ಇರುವಾಗ ಲಾಳಿ ಓಡುವ ಮನೆಗೇ ಅದನ್ನು ಆರಿಸಿ, ಎತ್ತಿ ಕೊಟ್ಟವಳು ನಾನು. ನೀಲವ್ವನಿಗೆ ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ. ಅವಳು ನಾಯಿಯನ್ನು ನೋಡಿ, "ಅಯ್ಯ, ಹಂಗಂದ್ರ ಇದರದೇನ್ ತಪ್ಪಿಲ್ಲ ಬಿಡ್ರಿ" ಅಂದಳು. ಯಾರ ತಪ್ಪೆಂದು ಹೇಳಲಿಲ್ಲ.

ಮಗ್ಗಕ್ಕೂ ನಾಯಿಗೂ ನಡುವೆ ಹಳೆ ಸೀರೆಯ ಪರದೆ ಕಟ್ಟಲು ಹೇಳಿದೆ. ಕಾಣದಿದ್ದರೆ ಓಡುವುದಿಲ್ಲ. ಶಂಕ್ರಪ್ಪನಿಗೆ ದಿನಾ ಮುಂಜಾನೆ ಬಿಸಿಲೇರುವ ಮೊದಲು ನಾಯಿಯನ್ನು ಹಿಂದಿನ ಬಯಲಿಗೆ ಕರೆದೊಯ್ದು, ಅದು ದಣಿಯುವವರೆಗೆ ಓಡಿಸಬೇಕೆಂದು ಆಜ್ಞೆ ಮಾಡಿದೆ. ಎರಡು ದಿನಕ್ಕೆ ಅವನು ಕುಂಟುತ್ತ ದವಾಖಾನೆಗೆ ಬಂದು, "ನಾಯಿ ದಣೀಲಿಲ್ರಿ, ನಾ ದಣದೆ. ಮಂಡಿಗೆ ಏನರ ಔಷಧ ಇದ್ರ ಕೊಡ್ರಿ" ಅಂದ. "ನಾ ದನದ ಡಾಕ್ಟರ್" ಅಂದೆ. "ನಡೀತೈತ್ರಿ, ಅದನ್ನ ಕೊಡ್ರಿ" ಅಂದ.

ಪರದೆಯ ಆಚೆ ನಾಯಿ ನಿದ್ದೆ ಮಾಡಿತು, ಈಚೆ ಸೀರೆ ಬೆಳೆಯಿತು. ಇಷ್ಟರಲ್ಲಿ ಗಂಗಾಳ ಮಾವನಿಗೆ ನಾನೇ ಫೋನ್ ಮಾಡಿದ್ದೆ. ಬಾದಾಮಿಯ ಹತ್ತಿರ ಅವರದು ಹೊಲದಮನೆ. "ಮಂಗ್ಯಾ ಬಂದು ಶೇಂಗಾ ಕಿತ್ತ ಒಗೀತಾವ್ರಿ. ಅಂಥಾ ನಾಯಿ ಇದ್ರ ಇವತ್ತ ಕೊಡ್ರಿ" ಅಂದರು. ಈ ಸಲ ಇಪ್ಪತ್ತೈದು ಪ್ರಶ್ನೆ ಕೇಳಿದೆ. ಮಗ್ಗ ಇದೆಯೇ ಎಂದು ಎರಡು ಸಲ ಕೇಳಿದೆ. ಹೆಂಡತಿಯ ಕೈಗೆ ಫೋನ್ ಕೊಡಿಸಿ ಅವರನ್ನೂ ಕೇಳಿದೆ. ಕೂಸು ಹುಟ್ಟಿದ ಮೇಲೆ ನಾಯಿಯನ್ನೂ ಕೂಸನ್ನೂ ಎರಡನ್ನೇ ಬಿಟ್ಟು ಕದಲಬಾರದು ಎಂದು ಮಾತು ತೆಗೆದುಕೊಂಡೆ. ಕುಬಸ ಮುಗಿದ ಮೇಲೆ ನಾಯಿ ಕಳಿಸುವುದೆಂದು ಗಟ್ಟಿಯಾಯಿತು. ನೀಲವ್ವನಿಗೆ ಹೇಳಿದಾಗ, "ಹೂಂ" ಅಂದಳು, ಲಾಳಿ ನಿಲ್ಲಿಸಲಿಲ್ಲ.

ಕುಬಸದ ಹಿಂದಿನ ದಿನ ಸೀರೆ ಮಗ್ಗದಿಂದ ಇಳಿಯಿತು. ಬಾದಾಮಿಗೆ ನನ್ನನ್ನೂ ಕರೆದುಕೊಂಡು ಹೋದರು. ಹಸಿರು ಒಡಲು, ಕೆಂಪು ಸೆರಗು. ನಡುವೆ ಒಂದು ಕಡೆ ಗೇಣಗಲ ಸಣ್ಣ ಸಣ್ಣ ಗಂಟುಗಳ ಸಾಲು. ನೀಲವ್ವ ಅದನ್ನು ನಿರಿಗೆಯೊಳಗೆ ಮುಚ್ಚಲು ನೋಡಿದಳು. ಗಂಗಾ ತಾಯಿಯ ಕೈ ಸರಿಸಿ, ಆ ಗಂಟುಗಳ ಮೇಲೆ ಬೆರಳಾಡಿಸಿ, "ಇಲ್ಲೇನಬೇ ಅಂವ ಜಿಗದಿದ್ದು?" ಎಂದು ನಕ್ಕಳು. ನೀಲವ್ವ ನಗಲು ಹೋಗಿ ಅತ್ತಳು. ನಾನು ಹೋಳಿಗೆ ತಿನ್ನುವುದನ್ನು ಬಿಟ್ಟು ಮೂಗು ಒರೆಸಿಕೊಂಡೆ.

ಮುಂದಿನ ವಾರ ಬಾಡಿಗೆ ಗಾಡಿ ಮಾಡಿಕೊಂಡು, ಮೌಲಾಸಾಬನನ್ನು ಕರೆದುಕೊಂಡು, ನಾಯಿಯನ್ನು ಬಾದಾಮಿಗೆ ಮುಟ್ಟಿಸಲು ನೀಲವ್ವನ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಮಗ್ಗದ ಮೇಲೆ ಹೊಸ ಹಾಸು. ಪರದೆ ಇರಲಿಲ್ಲ. ಮಗ್ಗದ ಎದುರಿನ ಕಂಬಕ್ಕೆ ಟೈಗರನನ್ನು ಸರಪಳಿ ಹಾಕಿ ಕಟ್ಟಿದ್ದಳು. ಮೂಗು ಮಗ್ಗಕ್ಕೆ ಒಂದು ಮೊಳ ದೂರ ಉಳಿಯುವ ಹಾಗೆ ಅಳೆದು ಕಟ್ಟಿದ ಸರಪಳಿ. ಅದು ಕೆಳಗೆ ಹಾಸಿದ ಗೋಣಿಚೀಲದ ಮೇಲೆ ಕೂತು, ಲಾಳಿ ಎಡಕ್ಕೆ ಹೋದಾಗ ಎಡಕ್ಕೆ, ಬಲಕ್ಕೆ ಹೋದಾಗ ಬಲಕ್ಕೆ ಕತ್ತು ತಿರುಗಿಸುತ್ತಿತ್ತು. ಹಾರುವ ಬುದ್ಧಿ ಕಾಣಲಿಲ್ಲ. ಮುಂಜಾನೆಯ ಓಟದ ದಣಿವೂ ಇರಬೇಕು. ಓಡಿಸುತ್ತಿದ್ದದ್ದು ಈಗ ನೀಲವ್ವನೇ ಎಂದು ಆಮೇಲೆ ತಿಳಿಯಿತು.

"ಗಾಡಿ ತಂದೇನಿ ನೀಲವ್ವ" ಅಂದೆ.

"ವಾಪಸ್ ಕಳಸ್ರಿ."

"ಬಾದಾಮಿಯಾಗ ಹೊಲ ಐತಿ, ಓಡಾಕ ಜಾಗಾ ಐತಿ. ಎಲ್ಲಾ ಕೇಳೀನಿ. ಅದು ಇದಕ್ಕ ಸರಿಯಾದ ಮನಿ."

"ಇರಬಹುದ್ರಿ." ಹಗ್ಗ ಎಳೆದಳು, ಲಾಳಿ ಓಡಿತು, ನಾಯಿಯ ಕತ್ತು ತಿರುಗಿತು. "ನೀವು ಪರದೆ ಕಟ್ಟಂದ್ರಿ, ಕಟ್ಟೀನಿ. ಕುಬಸ ಮುಗದ ಮ್ಯಾಲೆ ಎರಡ ದಿನಾನೂ ತಡಕೊಳ್ಳಾಕ ಆಗಲಿಲ್ಲ, ಬಿಚ್ಚಿ ಒಗದೆ. ನಲವತ್ತ ವರ್ಷ ಆತ್ರಿ ಈ ಕುಣಿಯಾಗ ಕಾಲ ಬಿಟ್ಟು. ಅತ್ತಿ ನೋಡ್ಲಿಲ್ಲ, ಗಂಡ ನೋಡ್ಲಿಲ್ಲ, ಸೀರಿ ಒಯ್ಯಾವ್ರು ಸೀರಿ ನೋಡ್ಯಾರ. ಎದುರಿಗೆ ಕುಂತು, ಕಣ್ಣ ಮುಚ್ಚದ ನನ್ನ ಕೆಲಸಾ ನೋಡಿದಾಂವ ಇವನೊಬ್ಬನ. ಇವನ್ನ ಮಂಗ್ಯಾ ಕಾಯಾಕ ಕಳಸ್ಲೇನು?"

ನನಗೆ ನಾಚಿಕೆಯಾಯಿತು. ಐದು ದಿನ ಆ ಮನೆಯಲ್ಲಿ ಚಾಪೆ ಹಾಕಿ ಕೂತಿದ್ದೆ. ನಾಯಿಯನ್ನು ನೋಡಿದ್ದೆ, ಲಾಳಿಯನ್ನು ನೋಡಿದ್ದೆ. ಅವಳ ಕೈಯನ್ನು ನೋಡಿರಲಿಲ್ಲ.

ಹೊರಗೆ ಗಾಡಿಯವನು ಹಾರ್ನ್ ಹೊಡೆಯತೊಡಗಿದ. ಹೊಡೀಲಿ ಅಂದುಕೊಂಡು, ಟೈಗರನನ್ನು ಸ್ವಲ್ಪ ಆಚೆ ಸರಿಸಿ, ಆ ಗೋಣಿಚೀಲದ ಮೇಲೆ ಕೂತೆ.